ಅಡುಗೆಮನೆ ಬಾಗಿಲ ಕೊರಡು

ಕಾಗದದ ಎಲೆ, ಹಸಿರು, ಒಂದು ಕಡೆ ಕತ್ತರಿ ಜಾರಿ ಅಂಚು ಸೊಟ್ಟಗಾಗಿದೆ, ಐದು ಮೂಲೆಯ ಇಂಥ ಎಲೆ ಬಿಡುವ ಒಂದು ಗಿಡವೂ ನಮ್ಮ ಬೆಟ್ಟದಲ್ಲಿಲ್ಲ, ನಮ್ಮವೆಲ್ಲ ಕುಡುಗೋಲಿನ ಹಾಗೆ ಬಾಗಿ ನೆಲ ನೋಡುತ್ತ ಜೋತಾಡುವ ಎಲೆಗಳು, ಆದರೆ ಇದನ್ನು ಕತ್ತರಿಸಿ ನನ್ನ ತೊಡೆಯ ಮೇಲಿಟ್ಟು ಹೋದ ಹೆಂಗಸಿಗೆ ಅದರಿಂದ ಆಗಬೇಕಾದ್ದೇನು, ಇಮೋಜೆನ್ ಅಂತೆ ಹೆಸರು, ಎದೆಯ ಮೇಲೆ ಚೀಟಿ ಅಂಟಿಸಿಕೊಂಡಿದ್ದಾಳೆ, ನಮಗೂ ಅಂಟಿಸಿದ್ದಾಳೆ, ಐವತ್ತೇಳು ವರ್ಷ ಇದೇ ಊರಲ್ಲಿ ಬದುಕಿದವಳ ಎದೆಯ ಮೇಲೆ ಗ್ಲೆನಿಸ್ ಅಂತ ನನ್ನದೇ ಹೆಸರು, ಇಲ್ಲಿ ದುಂಡಗೆ ಕುರ್ಚಿ ಹಾಕಿಕೊಂಡು ಕೂತವರಲ್ಲಿ ಅದು ಗೊತ್ತಿಲ್ಲದವಳು ಅವಳೊಬ್ಬಳೇ — ನೀವು ಒಂದು ಮರ ಆಗೋದಾದ್ರೆ ಯಾವ ಮರ ಆಗ್ತೀರಾ, ಮನಸ್ಸಿಗೆ ಮೊದಲು ಬಂದಿದ್ದನ್ನ ಎಲೆ ಮೇಲೆ ಬರೀರಿ, ಇದರಲ್ಲಿ ತಪ್ಪು ಉತ್ತರ ಅನ್ನೋದೇ ಇಲ್ಲ, ಅಂದಳು, ಅಂದು ನಕ್ಕಳು, ಮರ ಕಡಿದು, ಎಳೆದು, ಸೀಳಿ, ಒಣಗಿಸಿ ಹೊಟ್ಟೆ ಹೊರೆದವರ ಮುಂದೆ ನಿಂತು ಇದನ್ನು ಕೇಳುತ್ತಿದ್ದೇನೆ ಅಂತ ಅವಳಿಗೆ ಹೊಳೆಯಲೇ ಇಲ್ಲ, ಮಾಂಸದ ಅಂಗಡಿಗೆ ಹೋಗಿ ನೀವು ಯಾವ ಕುರಿ ಆಗ್ತೀರಾ ಅಂತ ಕೇಳಿದ ಹಾಗೆ. ಮೂಲೆಯಲ್ಲಿ ಚಹಾದ ಹಂಡೆ ಗುಳುಗುಳು ಅನ್ನುತ್ತಿದೆ, ಅದರ ಪಕ್ಕದ ತಟ್ಟೆಯಲ್ಲಿ ಕೊಬ್ಬರಿ ತುರಿ ಮೆತ್ತಿದ ಕೇಕು, ಲ್ಯಾಮಿಂಗ್‌ಟನ್, ಗೋಡೆಯ ಮೇಲೆ ಯುದ್ಧದಲ್ಲಿ ಸತ್ತವರ ಹೆಸರಿನ ಹಲಗೆ, ಅದರ ಕೆಳಗೆ ಇವಳು ನಿಲ್ಲಿಸಿದ ರಟ್ಟಿನ ಬೋಳು ಮರ, ನಾವು ಒಬ್ಬೊಬ್ಬರೇ ಎದ್ದು ಹೋಗಿ ಅದಕ್ಕೆ ಎಲೆ ಅಂಟಿಸಬೇಕಂತೆ, ಕಡಿದವರೇ ಎಲೆ ಅಂಟಿಸಬೇಕು. ಕಾಡು ಕಡಿದದ್ದು ಸಾಕು ಅಂತ ಸರ್ಕಾರ ಹೇಳಿತು, ಡೆಸ್‌ನ ಸಾಮಿಲ್ ಮುಚ್ಚಿತು, ಈಗ ನಮ್ಮನ್ನು ಹೊಸ ಕೆಲಸಕ್ಕೆ ಹದ ಮಾಡುವುದಕ್ಕೆ ಮೂರು ದಿನದ ಶಿಬಿರ, ಬಾಗಿಲಲ್ಲಿ ಹಾಜರಿ ಹಾಕಿ ಬಂದಿದ್ದೇವೆ, ಹಾಜರಿ ಹಾಕದಿದ್ದರೆ ಮುಂದಿನ ತರಬೇತಿ ಇಲ್ಲ.

ಸರದಿ ಅವಳ ಎಡಗಡೆಯಿಂದ ಶುರು, ಅಂದರೆ ಸ್ನೋನಿಂದ, ಮೂವತ್ತು ವರ್ಷ ಡೆಸ್‌ನ ದಿಮ್ಮಿ ಲಾರಿ ಓಡಿಸಿದವನು, ಬೆಳ್ಳಗಿನ ಕೂದಲಿನವರಿಗೆ ಇಡುವ ಅಡ್ಡಹೆಸರು, ಇವನ ತಲೆಯಲ್ಲಿ ಒಂದು ಕೂದಲಿಲ್ಲ, ಅದಕ್ಕೇ ಸ್ನೋ, ಪ್ಲಾಸ್ಟಿಕ್ ಕ್ರಿಸ್ಮಸ್ ಮರ, ಅಂದ ಸ್ನೋ, ವರ್ಷಕ್ಕೆ ಹನ್ನೆರಡು ದಿನ ಕೆಲಸ, ಮಿಕ್ಕಿದ್ದೆಲ್ಲ ಪೆಟ್ಟಿಗೇಲಿ ನಿದ್ದೆ, ಎಲ್ಲರೂ ಗೊಳ್ಳೆಂದರು, ಇಮೋಜೆನ್ ಬಿಳಿ ಹಲಗೆಯ ಮೇಲೆ ವಿಶ್ರಾಂತಿ ಅಂತ ಬರೆದಳು, ಆಮೇಲೆ ಹಲಗೆ ಒಣಗಿಸುವ ಒಲೆ ನೋಡಿಕೊಳ್ಳುತ್ತಿದ್ದ ಟಾನ್ಯಾ, ನಾನು ಹಿತ್ತಲಿನ ನಿಂಬೆ ಮರ ಕಣಮ್ಮ, ಬಂದ ಗಂಡಸರೆಲ್ಲ ಬಿಯರ್ ಕುಡಿದು ನನ್ನ ಬುಡಕ್ಕೇ ಬಿಟ್ಟು ಹೋಗೋದು, ಆದ್ರೂ ನಾನು ಕಾಯಿ ಬಿಡ್ತಾನೇ ಇರೋದು, ಇಮೋಜೆನ್‌ಗೆ ಅರ್ಥವಾಗದೆ ಏನು ಬಿಟ್ಟು ಹೋಗ್ತಾರೆ ಅಂತ ಕೇಳಿದಳು, ಸ್ನೋ ವಿವರಿಸಲು ಹೊರಟ, ಟಾನ್ಯಾ ಅವನ ಮೊಣಕಾಲಿಗೆ ಒದ್ದಳು, ಹಲಗೆಯ ಮೇಲೆ ಸಹನೆ ಅಂತ ಬಿತ್ತು. ಸರದಿ ಸುತ್ತಿ ಬರುತ್ತದೆ, ನಾನು ಕೊನೆಯವಳು, ನನಗಿಂತ ಮುಂಚೆ ನನ್ನ ಮಗ ಬ್ರೆಂಟ್, ಅವನಿಗಿಂತ ಮುಂಚೆ ಅವನ ಆ ಪಕ್ಕದಲ್ಲಿ ಕಾಲು ಚಾಚಿ ಕೂತಿರುವ ಡೆಸ್, ಇವನಿಗೇನು ಹೊಸ ಕೆಲಸ ಬೇಕಾಗಿದೆ ಈ ಎಪ್ಪತ್ತರಲ್ಲಿ, ನನ್ನ ಜನ ಎಲ್ಲಿರ್ತಾರೋ ಅಲ್ಲಿ ನಾನು, ಅಂತ ಬಾಗಿಲಲ್ಲಿ ಇಮೋಜೆನ್‌ಗೆ ಹೇಳಿದನಂತೆ, ಅವಳ ಕಣ್ಣಲ್ಲಿ ನೀರು ಬಂತಂತೆ, ನನ್ನ ಜನ. ಯಾವ ಮರ ಆಗ್ತೀನಿ ನಾನು, ಹೇಳಲೇ, ನದಿ ದಂಡೆಯ ಕೆಂಪು ನೀಲಗಿರಿ ಆಗುತ್ತೇನೆ, ಗಾಳಿಯಿಲ್ಲದ ಮಟಮಟ ಮಧ್ಯಾಹ್ನ ಒಂದು ಎಲೆಯೂ ಅಲುಗದೆ ಇರುವಾಗ ಯಾವ ಸೂಚನೆಯೂ ಕೊಡದೆ ಎರಡು ಟನ್ನಿನ ಕೊಂಬೆ ಕಳಚುತ್ತದಲ್ಲ, ಅದು, ಕೆಳಗೆ ಡೆಸ್ ಮಡಚುವ ಕುರ್ಚಿ ಹಾಕಿಕೊಂಡು ಟೋಪಿ ಮುಖದ ಮೇಲೆ ಎಳೆದುಕೊಂಡು ಮಲಗಿರಬೇಕು, ಅವನು ಪೂರ್ತಿ ನಿದ್ದೆ ಹೋಗುವ ತನಕ ಕಾಯುತ್ತೇನೆ, ಅವಸರವಿಲ್ಲ, ಮರಗಳಿಗೆ ಏನವಸರ. ಇದನ್ನು ಹಲಗೆಯ ಮೇಲೆ ಏನಂತ ಬರೆಯುತ್ತಾಳೋ ನೋಡಬೇಕು, ತಾಳ್ಮೆ ಅಂತಲೋ ಏನೋ.

ಬ್ರೆಂಟ್ ಎಲೆಯ ಮೇಲೆ ಏನೂ ಬರೆದಿಲ್ಲ, ಪೆನ್ನಿನ ಮುಚ್ಚಳ ತೆಗೆಯುತ್ತಾನೆ, ಹಾಕುತ್ತಾನೆ, ಟಕ್, ಟಕ್, ಅವನ ಅಪ್ಪನದೇ ಕೈ, ಅಗಲ ಉಗುರು, ಹೆಬ್ಬೆರಳು ಹಿಂದಕ್ಕೆ ಬಾಗುವುದು, ಲಿಂಡ್ಸೆಯೂ ಹೀಗೇ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದ, ಹತ್ತೊಂಬತ್ತು ವರ್ಷದ ಹಿಂದಿನ ಒಂದು ಸೋಮವಾರ, ಕುರಿ ಪಕ್ಕೆಲುಬು, ಆಲೂಗಡ್ಡೆ, ಬಟಾಣಿ, ಬ್ರೆಂಟ್ ಫುಟ್ಬಾಲ್ ಅಭ್ಯಾಸಕ್ಕೆ ಹೋಗಿದ್ದಾನೆ, ಲಿಂಡ್ಸೆ ಹೇಳುತ್ತಾನೆ, ಇವತ್ತೊಂದ್ ತಮಾಷೆ ನೋಡ್ದೆ ಗ್ಲೆನ್, ನಾಳೆ ಕಡೀಬೇಕಾದ ಮರದ ಮೇಲೆ ಒಂದ್ ಕಾಕಟೂ ಗಿಣಿ ಕೂತಿತ್ತು, ಮೇಲಿನ ತೂತಲ್ಲಿ ಒಳಗ್ ಹೋಯ್ತು, ನಾನು ಚಹಾ ಕುಡೀತಾ ನೋಡ್ತಾ ಇದೀನಿ, ಹತ್ತಡಿ ಕೆಳಗೆ ಇನ್ನೊಂದ್ ತೂತಿತ್ತಲ್ಲ, ಅಲ್ಲಿ ತಲೆ ಹಾಕ್ತು, ಹಳದಿ ಜುಟ್ಟು ಬಿಚ್ಕೊಂಡು ನನ್ನೇ ನೋಡ್ತು — ನಾನು ಬಟಾಣಿ ಬಡಿಸುತ್ತಿದ್ದೆ, ಅದರಲ್ಲಿ ತಮಾಷೆ ಏನು ಅಂದೆ. ಒಳಗೆಲ್ಲ ಪೊಳ್ಳು ಕಣೇ, ಬುಡ ಗಟ್ಟಿ, ಕೊಡಲಿ ಹಿಂಭಾಗದಲ್ಲಿ ಬಡಿದ್ರೆ ಗಂಟೆ ಥರ ಕೇಳುತ್ತೆ, ಆದ್ರೆ ನಡುವಿಂದ ಮೇಲೆ ಏನೂ ಇಲ್ಲ, ಕಡಿಯೋವಾಗ ಅದುರಿದ್ರೆ ತಲೆ ಮುರಿದು ಹಿಂದಕ್ಕೇ ಬರುತ್ತೆ, ಯಂತ್ರದಲ್ಲಿ ತಳ್ಳಿ ಬೀಳ್ಸೋಣ ಅಂತ ಡೆಸ್‌ಗೆ ಹೇಳ್ದೆ, ಯಂತ್ರ ಶುಕ್ರವಾರದ ತನಕ ಆ ಕಣಿವೇಲಿರುತ್ತೆ, ಕಡಿಯೋದಾದ್ರೆ ಕಡಿ, ಇಲ್ಲಾಂದ್ರೆ ಮನೇಗ್ ಹೋಗು ಅಂದ. ಮುಚ್ಚಳ, ಟಕ್, ಟಕ್. ಆಗ ನಾನು ಅಂದೆ, ಇಡೀ ದಿನ ಡೆಸ್‌ನ ಮರದ ಗಿರಣಿಯಲ್ಲಿ ನಿಂತು ಬಂದಿದ್ದೆ, ಕಾಲು ಸಿಡಿಯುತ್ತಿತ್ತು, ಆ ಟಕ್ ಟಕ್ ತಲೆ ತಿನ್ನುತ್ತಿತ್ತು, ಇವೆಲ್ಲ ಈಗ ಹೇಳುತ್ತೇನೆ, ಆಗ ಅಂದದ್ದು ಇಷ್ಟೇ, ಭಯ ಆದ್ರೆ ಭಯ ಅಂತ ಡೆಸ್‌ಗೆ ಹೇಳು, ನನ್ನ ಹತ್ರ ಬಂದು ಅಳಬೇಡ. ಅವನು ಮುಚ್ಚಳ ಹಾಕಿ ಡಬ್ಬಿಯನ್ನು ಸರಿಯಾಗಿ ಮೇಜಿನ ಮಧ್ಯಕ್ಕೆ ಇಟ್ಟ.

ಮಂಗಳವಾರ ಬೆಳಗ್ಗೆ ಹತ್ತೂಕಾಲು, ಚಹಾಕ್ಕೆ ಕೂರುವ ಹೊತ್ತಿಗೆ. ತಲೆ ಮುರಿದು ಹಿಂದಕ್ಕೇ ಬಂತು. ದಿಮ್ಮಿಯನ್ನು ಎತ್ತದೆ ಅವನನ್ನು ಹೊರಗೆ ತೆಗೆಯಲು ಆಗುತ್ತಿರಲಿಲ್ಲ, ಎತ್ತಿದರು, ಎತ್ತಿದ್ದನ್ನು ಬೇರೆ ದಿಮ್ಮಿಗಳ ರಾಶಿಗೆ ಸೇರಿಸಿದರು, ತನಿಖೆಯ ಸಾಹೇಬರು ಮರುದಿನ ಮಧ್ಯಾಹ್ನ ಬಂದು ನೋಡಿದಾಗ ಅಲ್ಲಿದ್ದದ್ದು ಬೊಡ್ಡೆ ಮಾತ್ರ, ಬೊಡ್ಡೆ ಗಟ್ಟಿ, ಬಿಳಿ, ಒಂದು ಬಿರುಕಿಲ್ಲ, ವಿಚಾರಣೆಯಲ್ಲಿ ಡೆಸ್ ಟೈ ಕಟ್ಟಿಕೊಂಡು ನಿಂತು ಹೇಳಿದ, ಮರ ತುದಿಯವರೆಗೂ ಗಟ್ಟಿಯಾಗಿತ್ತು ಸ್ವಾಮಿ, ಹೇಳೋಕೆ ಸಂಕಟ ಆಗುತ್ತೆ, ಲಿಂಡ್ಸೆ ನನ್ನ ಅತ್ಯುತ್ತಮ ಕೆಲಸಗಾರ, ಆದ್ರೆ ಅವತ್ತು ಓರೆಯಾಗಿ ಕಡಿದ, ಪಕ್ಕದ ಮರಕ್ಕೆ ತಗುಲಿ ತುದಿ ಮುರೀತು, ಅವನು ಸರಿದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಕಾಗದದಲ್ಲಿ ಹಾಗೇ ಆಯಿತು, ಕಡಿದವನ ಅಜಾಗರೂಕತೆ. ಒಂದು ಊರಲ್ಲಿ ಇಂಥದ್ದು ಕಾಗದದಲ್ಲಿ ನಿಲ್ಲುವುದಿಲ್ಲ, ಫುಟ್ಬಾಲ್ ಮೈದಾನಕ್ಕೆ ಬರುತ್ತದೆ, ಬ್ರೆಂಟ್ ಚೆಂಡು ಕೈಬಿಟ್ಟಾಗಲೆಲ್ಲ ಬೇಲಿಯಾಚೆಯಿಂದ ಒಬ್ಬ ಕೂಗುತ್ತಿದ್ದ, ಸರಿದು ನಿಲ್ಲೋ, ಅಪ್ಪನ ಥರ ನಿಂತ್ಬಿಟ್ಟೆಯಲ್ಲೋ, ಆಗ ಅವನಿಗೆ ಹದಿನಾಲ್ಕು. ಅವನು ಜಗಳವಾಡಲಿಲ್ಲ, ಅಳಲಿಲ್ಲ, ಅಪ್ಪನ ಫೋಟೋ ತನ್ನ ಕೋಣೆಯಿಂದ ತೆಗೆದು ಹಜಾರದ ಕಪಾಟಿನ ಮೇಲೆ ಬೆನ್ನು ಮೇಲಾಗಿ ಇಟ್ಟ, ದೊಡ್ಡವನಾಗಿ ಅದೇ ಕೆಲಸಕ್ಕೆ ಸೇರಿದ, ಡೆಸ್‌ನ ಹತ್ತಿರವೇ, ಡೆಸ್ ಅವನಿಗೆ ಪಿಕಪ್ ಓಡಿಸಲು ಕಲಿಸಿದ, ಗರಗಸದ ಸರಪಳಿ ಮಸೆಯಲು ಕಲಿಸಿದ, ಮದುವೆಯಲ್ಲಿ ಅಪ್ಪ ನಿಲ್ಲುವ ಜಾಗದಲ್ಲಿ ನಿಂತ. ಇಡೀ ಬೆಟ್ಟದಲ್ಲಿ ಬ್ರೆಂಟ್‌ನಷ್ಟು ನಿಧಾನದ ಕೆಲಸಗಾರ ಇನ್ನೊಬ್ಬನಿಲ್ಲ ಅನ್ನುತ್ತಿದ್ದರು, ಒಂದು ಮರಕ್ಕೆ ಮೂರು ಸುತ್ತು ಬರುತ್ತಾನೆ, ಓಡುವ ದಾರಿಯನ್ನು ಎರಡು ಸಲ ನಡೆದು ನೋಡುತ್ತಾನೆ, ಯಾಕೋ ಇಷ್ಟು ಅಂತ ಒಮ್ಮೆ ಕೇಳಿದ್ದಕ್ಕೆ, ನಮ್ಮಪ್ಪನ ಥರ ಎಡವಟ್ಟಾಗೋಕೆ ಇಷ್ಟ ಇಲ್ಲ ಅಮ್ಮ, ಅಂದ, ಅಂದು ಅಡುಗೆಮನೆ ಬಾಗಿಲನ್ನು ಕಾಲಿನಿಂದ ತಳ್ಳಿ, ಅದು ಮುಚ್ಚದ ಹಾಗೆ ಕೊರಡನ್ನು ಬೂಟಿನ ತುದಿಯಿಂದ ಎಳೆದು ಇಟ್ಟುಕೊಂಡು ಸೌದೆ ತರಲು ಹೋದ.

ಆ ಕೊರಡು. ಆರು ವಾರ ಮನೆಯಲ್ಲಿ ಕೂತೆ, ಊರೆಲ್ಲ ತಂದುಕೊಟ್ಟ ಮಾಂಸದ ಬೋಗುಣಿಗಳು ಫ್ರಿಜ್‌ನಲ್ಲಿ ಒಂದರ ಮೇಲೊಂದು, ಗುರುವಾರದಿಂದ ಬಾ ಅಂತ ಡೆಸ್ ಹೇಳಿ ಕಳಿಸಿದ್ದ, ಬುಧವಾರ ಬೆಳಗ್ಗೆ ಎದ್ದು ಆ ಬೋಗುಣಿಗಳನ್ನು ನೋಡಿ ಇನ್ನೊಂದು ದಿನ ಈ ಮನೆಯಲ್ಲಿ ಕೂತರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತೇನೆ ಅನ್ನಿಸಿತು, ಬೂಟು ಹಾಕಿಕೊಂಡು ಗಿರಣಿಗೆ ನಡೆದೆ, ಒಂದು ದಿನ ಮುಂಚೆ, ನನ್ನ ಜಾಗ ಅಡ್ಡಗರಗಸದ್ದು, ದೊಡ್ಡ ಗರಗಸ ಸೀಳಿ ಕಳಿಸಿದ್ದು ಉರುಳೆಗಳ ಮೇಲೆ ನನ್ನ ಕಡೆ ಬರುತ್ತದೆ, ಒಳ್ಳೆಯದನ್ನು ಅಳತೆಗೆ ಕತ್ತರಿಸಿ ಮುಂದಕ್ಕೆ, ಹೊರಚೆಕ್ಕೆಯನ್ನು ತುಂಡು ಮಾಡಿ ಪುಡಿ ಯಂತ್ರಕ್ಕೆ. ಹತ್ತು ಗಂಟೆಗೆ ಒಂದು ದಿಮ್ಮಿ ಬಂತು, ಸೀಳಿದ ಕೂಡಲೇ ಅದರ ಹೊಟ್ಟೆಯಿಂದ ಕೆಸರು ಸುರಿಯಿತು, ಕಪ್ಪು ಕೆಸರು, ಹಕ್ಕಿ ಪುಕ್ಕ, ಯಾರೋ ಆಚೆಯಿಂದ ಇಂಥ ಕಸ ಯಾಕೋ ತಂದಿರಿ ಅಂತ ಬೈದರು, ಗರಗಸ ನಿಂತಿತು, ಮತ್ತೆ ಶುರುವಾಯಿತು, ಹೊರಚೆಕ್ಕೆ ನನ್ನ ಮುಂದೆ ಬಂತು, ನಾಲ್ಕು ಬೆರಳು ದಪ್ಪವಿಲ್ಲ, ಒಂದು ಕಡೆ ಒದ್ದೆ ಕೆಸರು ಮೆತ್ತಿದೆ, ಮಗುಚಿದೆ. ಹಳದಿ ಗೀರು. ಅಂಗೈಯಷ್ಟುದ್ದ, ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ, ಬಿದ್ದ ಪೆಟ್ಟಿಗೆ ಸಿಪ್ಪೆ ಹಾರಿಹೋದ ಬರಿ ಮರದ ಮೇಲೆ ಪ್ಲಾಸ್ಟಿಕ್ ಕರಗಿ ಮೆತ್ತಿದ ಹಾಗೆ ಹಳದಿ, ಲಿಂಡ್ಸೆಯ ಹೆಲ್ಮೆಟ್ಟಿನ ಹಳದಿ, ಉಳಿದವರದೆಲ್ಲ ಕಿತ್ತಳೆ, ಅವನೊಬ್ಬ ಹಳೆಯದನ್ನೇ ಇಟ್ಟುಕೊಂಡಿದ್ದ, ತಲೆಗೆ ಒಗ್ಗಿದೆ ಅನ್ನುತ್ತಿದ್ದ. ಆಮೇಲೆ ನಾನು ಮಾಡಿದ್ದು ಕೆಲಸ, ಕೈಗೆ ಗೊತ್ತಿದ್ದ ಕೆಲಸ, ಗೀರಿನ ಈಚೆಗೊಂದು ಕಡಿತ, ಆಚೆಗೊಂದು ಕಡಿತ, ನೆಟ್ಟಗೆ, ತುಂಡನ್ನು ಊಟದ ಚೀಲಕ್ಕೆ ಹಾಕಿಕೊಂಡು ತಲೆಯೆತ್ತಿದರೆ ಮೇಲಿನ ಅಟ್ಟಣಿಗೆಯಲ್ಲಿ ಡೆಸ್ ನಿಂತಿದ್ದ. ನಾನು ಗುರುವಾರ ಬರಬೇಕಿತ್ತು, ಅವನು ಬುಧವಾರವೇ ಪುಡಿ ಮಾಡಿ ಮುಗಿಸಬೇಕಿತ್ತು, ಅವನ ಲೆಕ್ಕ ಸರಿಯಾಗಿಯೇ ಇತ್ತು.

ಸಂಜೆ ಬಂದ, ಬರಿಗೈಯಲ್ಲಲ್ಲ, ಅವನ ಹೆಂಡತಿ ಮಾಡಿದ ಇನ್ನೊಂದು ಮಾಂಸದ ಬೋಗುಣಿ, ನಾನು ಅಡುಗೆಮನೆ ಬಾಗಿಲು ತೆಗೆದು ತುಂಡನ್ನು ನೆಲಕ್ಕಿಟ್ಟು ಬಾಗಿಲಿಗೆ ಅಡ್ಡ ಒದ್ದೆ, ಕೆಸರಿನ ಮುಖ ಮೇಲೆ, ಅವನು ನೋಡಲಿ ಅಂತ, ನೋಡಿದ, ದಾಟಿ ಒಳಗೆ ಬಂದ. ಗ್ಲೆನ್, ಅಂದ, ಅದೇ ಹಳೇ ಸಲಿಗೆ, ಇದು ಹೊರಗ್ ಬಂದ್ರೆ ನಾನು ಜೈಲಿಗೆ ಹೋಗ್ತೀನಿ, ಹೋಗ್ಲಿ ಬಿಡು, ಆದ್ರೆ ಗಿರಣಿ ಮುಚ್ಚುತ್ತೆ, ಮೂವತ್ತು ಮನೆ, ಟಾನ್ಯಾ ಎಲ್ಲಿಗ್ ಹೋಗ್ತಾಳೆ, ಸ್ನೋ ಎಲ್ಲಿಗ್ ಹೋಗ್ತಾನೆ, ನಾಳೆ ನಿನ್ನ ಮಗನಿಗೂ ಕೆಲಸ ಬೇಕಲ್ವಾ — ಇಷ್ಟಕ್ಕೆ ನಾನು ಬಗ್ಗುತ್ತಿರಲಿಲ್ಲ, ಇಷ್ಟಕ್ಕೆ ಬೋಗುಣಿಯನ್ನು ಅವನ ಮುಖಕ್ಕೆ ಎಸೆಯುತ್ತಿದ್ದೆ, ಆದರೆ ಅವನು ಬಾಗಿಲ ಹತ್ತಿರ ನಿಂತು ಮೆತ್ತಗೆ ಇನ್ನೊಂದು ಮಾತು ಕೇಳಿದ, ಹಿಂದಿನ ದಿನ ಮನೇಲಿ ಏನಾದ್ರೂ ಹೇಳಿದ್ನಾ ಗ್ಲೆನ್, ಮರದ ವಿಷಯ. ಅವನಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಕೇಳಿದ, ತನ್ನ ಮೇಲೆ ಸಾಕ್ಷಿ ಎಷ್ಟಿದೆ ಅಂತ ತಿಳಿಯಲು ಕೇಳಿದ. ಇಲ್ಲ, ಅಂದೆ. ಅಂದ ಮೇಲೆ ಮುಗಿಯಿತು, ನಾನು ಅವನ ಜೊತೆಯವಳಾದೆ, ಅವನು ಕಡಿ ಅಂದ, ನಾನು ಅಳಬೇಡ ಅಂದೆ, ಇಬ್ಬರೂ ಸೇರಿ ಲಿಂಡ್ಸೆಯನ್ನು ಆ ಮರದ ಬುಡಕ್ಕೆ ಕಳಿಸಿದೆವು, ಅದನ್ನು ಬಾಯಿ ಬಿಟ್ಟು ಹೇಳುವುದಕ್ಕಿಂತ ಲಿಂಡ್ಸೆ ಎಡವಟ್ಟಾಗಿಯೇ ಇರಲಿ ಅಂತ ಬಿಟ್ಟೆ. ತುಂಡನ್ನು ಮಾತ್ರ ಅಲ್ಲಿಂದ ಕದಲಿಸಲಿಲ್ಲ, ಅದೇ ನನ್ನ ಸೇಡು ಅಂದುಕೊಂಡೆ, ಪ್ರತಿ ಕ್ರಿಸ್ಮಸ್‌ಗೆ ಡೆಸ್ ಹಂದಿ ತೊಡೆ ಹಿಡಿದುಕೊಂಡು ಬರುತ್ತಾನೆ, ಪ್ರತಿ ಸಲ ಆ ತುಂಡು ದಾಟಬೇಕು, ಪ್ರತಿ ಸಲ ಅವನ ಕಾಲು ಒಂದು ಚೂರು ಎತ್ತರಕ್ಕೆ ಏಳುತ್ತದೆ, ಅದನ್ನು ನೋಡಲೆಂದೇ ಬಾಗಿಲ ಹತ್ತಿರ ನಿಂತಿರುತ್ತೇನೆ, ಹತ್ತೊಂಬತ್ತು ಹಂದಿ ತೊಡೆ ತಿಂದೆ. ಈ ಹರಕು ಕುರ್ಚಿಯಲ್ಲಿ ಕೂತು ಈಗ ಹೊಳೆಯುತ್ತಿದೆ, ಆ ತುಂಡು ಅಷ್ಟು ವರ್ಷ ಮಾಡಿದ್ದು ಏನು, ಡೆಸ್‌ಗೆ ಬಾಗಿಲು ತೆರೆದಿಟ್ಟದ್ದು. ಹಳದಿ ಮುಖ ನೆಲಕ್ಕೆ. ಒಮ್ಮೆ, ಬ್ರೆಂಟ್‌ಗೆ ಹದಿನಾರೋ ಹದಿನೇಳೋ, ಗುಡಿಸುವಾಗ ಅದನ್ನು ಅರ್ಧ ಎತ್ತಿ, ಅಮ್ಮ ಇದೇನು ಹಳದಿ, ಅಂದ, ಪೇಂಟು, ಇಡು ಅದನ್ನ, ಅಂದೆ, ಇಟ್ಟ.

ಡೆಸ್‌ನ ಸರದಿ. ಎದ್ದು ನಿಂತಿದ್ದಾನೆ, ಬೇರೆ ಯಾರೂ ಎದ್ದಿರಲಿಲ್ಲ, ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, ನಾನು ಬೆಟ್ಟದ ಆ್ಯಶ್ ಮರ, ಅನ್ನುತ್ತಾನೆ, ಬೇರೇನು ಆಗ್ಲಿ ನಾನು, ನಮ್ಮಪ್ಪ ಅದನ್ನೇ ಕಡಿದ, ನಾನೂ ಅದನ್ನೇ ಕಡಿದೆ, ನೆಟ್ಟಗೆ ನಿಲ್ಲುತ್ತೆ, ಬುಡದಿಂದ ತುದಿ ತನಕ ಗಟ್ಟಿ, ಹೊರಗೆ ಏನ್ ಕಾಣುತ್ತೋ ಒಳಗೂ ಅದೇ. ಸ್ನೋ ಕೆಮ್ಮಿದ. ಲ್ಯಾಮಿಂಗ್‌ಟನ್ ತುಂಡು ಗಂಟಲಿಗೆ ಸಿಕ್ಕಿಕೊಂಡವನ ಹಾಗೆ ಕೆಮ್ಮಿದ, ನೆಲ ನೋಡುತ್ತಿದ್ದಾನೆ, ಸ್ನೋ, ಆ ದಿಮ್ಮಿಯನ್ನು ಹೊತ್ತು ತಂದದ್ದು ನಿನ್ನ ಲಾರಿಯಲ್ಲವೇನೋ, ರಾಶಿಯಲ್ಲಿ ಮುನ್ನೂರು ದಿಮ್ಮಿ ಇದ್ದರೂ ಆ ಬುಧವಾರ ಅದೊಂದನ್ನೇ ಮೊದಲು ತಾ ಅಂತ ನಿನಗೆ ಹೇಳಿರಬೇಕಲ್ಲ, ನಿನಗೂ ಗೊತ್ತು, ಇಲ್ಲಿ ಎಷ್ಟು ಜನಕ್ಕೆ ಗೊತ್ತು, ಇಮೋಜೆನ್ ಹಲಗೆಯ ಮೇಲೆ ಪ್ರಾಮಾಣಿಕತೆ ಅಂತ ಬರೆಯುತ್ತಿದ್ದಾಳೆ, ಅಕ್ಷರ ದುಂಡಗಿದೆ, ಪೆನ್ನು ಕೀಚ್ ಅನ್ನುತ್ತದೆ, ಡೆಸ್ ಹೋಗಿ ರಟ್ಟಿನ ಮರದ ಎಲ್ಲಕ್ಕಿಂತ ಮೇಲಿನ ಕೊಂಬೆಗೆ ತನ್ನ ಎಲೆ ಅಂಟಿಸಿ ಬಂದು ಕೂತು ಬ್ರೆಂಟ್‌ನ ತೊಡೆ ತಟ್ಟಿದ, ಈಗ ನಿಂದು ಮಾರಾಯ. ಅವನ ಕೈ ನನ್ನ ಮಗನ ತೊಡೆಯ ಮೇಲೆ ಇನ್ನೂ ಇದೆ. ಬ್ರೆಂಟ್ ಮುಚ್ಚಳ ಹಾಕಿದ, ನಾನೇನೂ ಬರೆದಿಲ್ಲ, ಅಂದ, ಪರವಾಗಿಲ್ಲ ಹಾಗೇ ಹೇಳಿ, ಅಂದಳು ಇಮೋಜೆನ್, ಅವನು ಯಾರನ್ನೂ ನೋಡದೆ ಹೇಳಿದ, ನಾನು ಆ ಮರ ಆಗ್ತಿದ್ದೆ. ಯಾವ ಮರ ಬ್ರೆಂಟ್. ನಮ್ಮಪ್ಪನ್ನ ಕೊಂದಿದ್ದು. ಗಟ್ಟಿ ಮರ ಅಂತಾರಲ್ಲ, ಅಷ್ಟು ಗಟ್ಟಿ ಇದ್ದ ಮೇಲೆ ಇನ್ನೊಂದ್ ಹತ್ತು ಸೆಕೆಂಡ್ ತಡ್ಕೊಂಡು ನಿಲ್ತಿದ್ದೆ, ಅವ್ನು ತಪ್ಪಾಗೇ ಕಡೀಲಿ, ಎಡವಟ್ಟೇ ಆಗಿರ್ಲಿ, ಓಡೋಕೆ ಹತ್ತು ಸೆಕೆಂಡ್ ಕೊಡ್ತಿದ್ದೆ, ಮನೇಗ್ ಬಂದು ಅಮ್ಮನ ಹತ್ರ ಬೈಸ್ಕೊಳ್ಳಲಿ, ಅಷ್ಟೇ, ಅಷ್ಟೇ ನಂದು.

ಮೂವತ್ಮೂರು ವರ್ಷದವನು. ಹತ್ತೊಂಬತ್ತು ವರ್ಷ ನಾಲ್ಕು ಜನರ ಮುಂದೆ ಅಪ್ಪನ ಹೆಸರೆತ್ತದವನು ಈ ಕೊಬ್ಬರಿ ಮೆತ್ತಿದ ಕೇಕುಗಳ ಮುಂದೆ ಎತ್ತಿದ, ಡೆಸ್ ಅವನ ಹೆಗಲ ಸುತ್ತ ಕೈ ಹಾಕಿದ್ದಾನೆ, ಡೆಸ್‌ನ ಕಣ್ಣು ಒದ್ದೆಯಾಗಿದೆ, ನಿಜವಾಗಿಯೂ ಒದ್ದೆಯಾಗಿದೆ, ಅದೇ ನನಗೆ ತಡೆಯಲಾಗದ್ದು, ತೆಗಿ ಕೈ, ತೆಗಿ ನಿನ್ನ ಕೈಯನ್ನ ಅವನ ಮೇಲಿಂದ, ಇಮೋಜೆನ್ ಹೇಳುತ್ತಿದ್ದಾಳೆ, ಥ್ಯಾಂಕ್ಯೂ ಬ್ರೆಂಟ್, ತುಂಬಾ ಧೈರ್ಯ ಬೇಕು ಇದಕ್ಕೆ, ಈಗ ಗ್ಲೆನಿಸ್, ನೀವೇ ಕೊನೆ, ನೀವು ಯಾವ ಮರ. ಎಲೆ ನನ್ನ ಅಂಗೈ ಬೆವರಿಗೆ ಬಣ್ಣ ಬಿಟ್ಟಿದೆ, ಬೆರಳು ಹಸಿರಾಗಿದೆ, ಕೊಂಬೆ ಬೀಳಿಸುವ ಕೆಂಪು ನೀಲಗಿರಿ ಅಂತ ಹೇಳಿ ನಗಿಸಿಬಿಡಬಹುದು, ಚಹಾದ ಹೊತ್ತಾಯಿತು, ಎಲ್ಲರೂ ಏಳುತ್ತಾರೆ, ಸಂಜೆ ಬ್ರೆಂಟ್ ಸೌದೆ ತಂದುಹಾಕಲು ಬರುತ್ತಾನೆ, ಬೂಟಿನ ತುದಿಯಿಂದ ಎಳೆದು ಇಡುತ್ತಾನೆ, ಡಿಸೆಂಬರ್‌ಗೆ ಇಪ್ಪತ್ತನೆಯ ಹಂದಿ ತೊಡೆ ಬರುತ್ತದೆ, ಗಿರಣಿಯಂತೂ ಮುಚ್ಚಿತು, ಮೂವತ್ತು ಮನೆಯೂ ಬೀದಿಗೆ ಬಂದವು, ಇನ್ನು ಯಾರನ್ನು ಉಳಿಸಲು ಬಾಯಿ ಮುಚ್ಚಿಕೊಂಡಿದ್ದೇನೆ, ನನ್ನನ್ನು, ನನ್ನೊಬ್ಬಳನ್ನು, ಬುಡ ಬಡಿದರೆ ಗಂಟೆಯ ಹಾಗೆ ಕೇಳುವ ಗ್ಲೆನಿಸ್‌ಳನ್ನು, ಗಂಡ ಸತ್ತರೂ ಹೇಗೆ ಗಟ್ಟಿಯಾಗಿ ನಿಂತಳು ನೋಡಿ ಅನ್ನಿಸಿಕೊಂಡವಳನ್ನು — ಆ ಮರ ಗಟ್ಟಿ ಇರ್ಲಿಲ್ಲ ಬ್ರೆಂಟ್. ಯಾರು ಅಂದದ್ದು, ನಾನೇ. ಅಮ್ಮ, ಅಂದ ಅವನು. ನಡುವಿಂದ ಮೇಲೆ ಪೊಳ್ಳು, ನಿಮ್ಮಪ್ಪನಿಗೆ ಗೊತ್ತಿತ್ತು, ಹಿಂದಿನ ದಿನಾನೇ ಡೆಸ್‌ಗೆ ಹೇಳಿದ್ದ, ಮನೇಗ್ ಬಂದು ನನಗೂ ಹೇಳಿದ, ಅಳಬೇಡ ಅಂದೆ ನಾನು. ಡೆಸ್ ಅಂದ, ಗ್ಲೆನ್, ನಿನಗೆ ಹುಷಾರಿಲ್ಲ, ಹೊರಗೆ ಗಾಳಿಗ್ ಹೋಗೋಣ ಬಾ. ಡೆಸ್, ಅಂದದ್ದು ನಾನಲ್ಲ, ಸ್ನೋ, ನೆಲ ನೋಡುತ್ತಲೇ ಅಂದ, ಬಿಡು ಡೆಸ್, ಹೊತ್ತು ತಂದೋನು ನಾನು, ಆ ಕಡೆಯಿಂದ ಈ ಕಡೆ ಬೆಳಕು ಕಾಣ್ತಿತ್ತು ಅದರಲ್ಲಿ.

ಬ್ರೆಂಟ್ ಡೆಸ್‌ನ ಕೈಯನ್ನು ಹೆಗಲಿಂದ ತೆಗೆದ, ಕಿತ್ತೆಸೆಯಲಿಲ್ಲ, ತೆಗೆದು ಡೆಸ್‌ನ ತೊಡೆಯ ಮೇಲೆ ಅವನದನ್ನು ಅವನಿಗೇ ಇಟ್ಟ, ನನ್ನನ್ನು ನೋಡುತ್ತಿದ್ದಾನೆ, ಡೆಸ್‌ನನ್ನಲ್ಲ, ನನ್ನನ್ನು, ನಿನಗೆ ಹೇಗ್ ಗೊತ್ತು ಪೊಳ್ಳು ಅಂತ, ಅಪ್ಪ ಹೇಳಿದ್ದು ಸರಿ, ನೀನು ನೋಡಿದ್ಯಾ. ನೋಡ್ದೆ. ಯಾವಾಗ. ಆರು ವಾರ ಆದ್ಮೇಲೆ, ಗಿರಣೀಲಿ. ಮತ್ತೆ ಎಲ್ಲಿದೆ ಅದು. ಬಾಗಿಲಿಗಿಟ್ಟಿದೀನಲ್ಲ, ಅಂದೆ, ಅಡುಗೆಮನೆ ಬಾಗಿಲಿಗೆ, ಅದೇ. ಅವನು ಬೈದಿದ್ದರೆ ಆಗುತ್ತಿತ್ತು, ಈ ಕುರ್ಚಿ ಎತ್ತಿ ಎಸೆದಿದ್ದರೆ ಆಗುತ್ತಿತ್ತು, ಕಾಗದದ ಎಲೆಯನ್ನು ಕುರ್ಚಿಯ ಮೇಲಿಟ್ಟು ನಡೆದ, ಬಾಗಿಲ ಹತ್ತಿರ ಅಂಗಿಯ ಮೇಲಿನ ಹೆಸರಿನ ಚೀಟಿ ಕಿತ್ತು ಕಂಬಕ್ಕೆ ಅಂಟಿಸಿದ, ಪಿಕಪ್ ಶುರುವಾಗುವುದು ಕೇಳುತ್ತಿದೆ, ಡೆಸ್ ಎದ್ದು ಅವನ ಹಿಂದೆ ಎರಡು ಹೆಜ್ಜೆ ಹಾಕಿ ನಿಂತಿದ್ದಾನೆ, ಎಲ್ಲಿಗೆ ಹೋಗಬೇಕೆಂದು ತಿಳಿಯದ ಮುದುಕ, ಟಾನ್ಯಾ ಬಾಯಿಗೆ ಕೈ ಹಿಡಿದಿದ್ದಾಳೆ, ಇಮೋಜೆನ್ ಬಿಳಿ ಹಲಗೆಯ ಮುಂದೆ ಪೆನ್ನು ಎತ್ತಿ ಹಿಡಿದಿದ್ದಾಳೆ, ನನ್ನದಕ್ಕೆ ಏನು ಬರೆಯಬೇಕೋ ಅವಳಿಗೆ ಗೊತ್ತಾಗುತ್ತಿಲ್ಲ, ಬರಿಯಮ್ಮ, ತಪ್ಪು ಉತ್ತರ ಇಲ್ಲ ಅಂದೆಯಲ್ಲ, ಬರಿ. ಗಾಡಿ ಅಂಚೆ ಕಚೇರಿಯ ತಿರುವು ದಾಟಿತು, ಗೇರ್ ಬದಲಾದದ್ದು ಕೇಳಿಸಿತು, ಇಲ್ಲಿಂದ ಮನೆಗೆ ನಾಲ್ಕು ನಿಮಿಷ, ಈಗ ಸೇತುವೆ, ಈಗ ಗೇಟು, ಗೇಟು ಹಾಕುವುದಿಲ್ಲ ಇವತ್ತು, ಮೆಟ್ಟಿಲು ಮೂರು, ಬಾಗಿಲು ತೆರೆದೇ ಇದೆ, ಅದು ಯಾವಾಗಲೂ ತೆರೆದೇ ಇದೆ, ಮೊಣಕಾಲೂರುತ್ತಾನೆ, ಆ ಅಗಲ ಉಗುರಿನ ಕೈ, ಹಿಂದಕ್ಕೆ ಬಾಗುವ ಹೆಬ್ಬೆರಳು, ಒಣಗಿದ ಕೆಸರು ಬೆರಳಿಗೆ ಪುಡಿಪುಡಿಯಾಗಿ ಉದುರುತ್ತದೆ, ಮಗುಚುತ್ತಾನೆ, ಹಳದಿ, ಅಂಗೈಯಷ್ಟುದ್ದ, 

ಹಳದಿ.